ಕೊಸರಿಗೆ ಹೋದ ಕೋಣೆ

ನಮ್ಮ ಮನೆಯಲ್ಲಿ ಹೆಣ್ಣುಮಗಳು ಪುಸ್ತಕ ಹಿಡಿದು ಕೂತರೆ ಯಾರೂ ಬೈಯುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನಮ್ಮ ಅತ್ತೆಯನ್ನು ನೀವು ಸುಮ್ಮನೆ ಕೆಟ್ಟವಳು ಅಂದುಕೊಂಡೀರಿ. ಬೈಯುವುದಿಲ್ಲ, "ಹೆಂಗೂ ಕುಂತೀದಿಯಲ್ಲ" ಅನ್ನುತ್ತಾರೆ, ಅಷ್ಟೇ. ಹೆಂಗೂ ಕುಂತೀದಿಯಲ್ಲ, ಒಂದೀಟು ಬೆಳ್ಳುಳ್ಳಿ ಸುಲಿ. ಹೆಂಗೂ ಕುಂತೀದಿಯಲ್ಲ, ಹಾಲು ಉಕ್ಕೀತು ನೋಡ್ಕೊ. ಹೆಂಗೂ ಕುಂತೀದಿಯಲ್ಲ, ಕೂಸು ಹಿಡ್ಕೊ. ಹೀಗೆ ಕೇಳುವವರು ಯಾರೂ ದುಷ್ಟರಲ್ಲ. ಕೂತ ಹೆಂಗಸು ಅಂದರೆ ನಮ್ಮ ಕಡೆ ಖಾಲಿ ಗಾಡಿ ಇದ್ದ ಹಾಗೆ. ಎದುರಿಗೆ ಬಂದವರೆಲ್ಲ ಒಂದೊಂದು ಮೂಟೆ ಹೇರುತ್ತಾರೆ.

ನನ್ನ ನೆಗೆಣ್ಣಿ, ಅಂದರೆ ನನ್ನ ಗಂಡನ ತಮ್ಮನ ಹೆಂಡತಿ, ಓದಲು ಕೂರುತ್ತಿದ್ದುದು ಇಂಥ ಮನೆಯಲ್ಲಿ. ಚೋರನೂರು ಕಡೆಯ ಹುಡುಗಿ, ಡಿಗ್ರಿ ಮುಗಿಸಿದವಳು. ನನ್ನದು ನಾಲ್ಕನೇ ಇಯತ್ತೆಗೆ ನಿಂತ ಓದು. ಅವಳ ಗಂಡ ವಡ್ಡು ಕಡೆಯ ಫ್ಯಾಕ್ಟರಿಯಲ್ಲಿ ಕಂತ್ರಾಟು ಕೆಲಸಗಾರ, ಶಿಫ್ಟು ಮುಗಿಸಿ ರಜೆಗೆ ಮಾತ್ರ ಮನೆಗೆ ಬರುವವನು. ಪರೀಕ್ಷೆ ಬರೆದು ತಾಲೂಕು ಕಚೇರಿಯಲ್ಲಿ ಕೆಲಸ ಹಿಡಿಯಬೇಕು ಅನ್ನುವುದು ಅವಳ ಆಸೆ. ಮದುವೆ, ಎರಡು ಬಾಣಂತನ ಅಂತ ವರ್ಷಗಳು ಸವೆದು, ವಯಸ್ಸಿನ ಮಿತಿ ಬಂದು ಬಾಗಿಲಲ್ಲಿ ನಿಂತಿತ್ತು. ಬರುವ ಪರೀಕ್ಷೆ ಬಿಟ್ಟರೆ ಅವಳಿಗೆ ಇನ್ನೊಂದಿರಲಿಲ್ಲ.

ಹೊಸಪೇಟೆಯಿಂದ ಕಂಪ್ಲಿಗೆ ಹೋಗುವ ದಾರಿಯಲ್ಲಿ ನಮ್ಮೂರು. ಸುತ್ತ ಕಾಲುವೆ ನೀರು, ಕಣ್ಣು ಹಾಯಿಸಿದಲ್ಲೆಲ್ಲ ಭತ್ತ, ಬಾಳೆ, ಕಬ್ಬು. ಆದರೂ ನಮ್ಮ ಅತ್ತೆಗೆ ಜೋಳದ ರೊಟ್ಟಿ ಇಲ್ಲದಿದ್ದರೆ ಊಟ ಊಟವಲ್ಲ. ಜೋಳ ಬೀಸಿಸುವ ಹಿಟ್ಟಿನ ಗಿರಣಿ ಪಂಚಾಯ್ತಿ ಕಟ್ಟಡದ ಪಕ್ಕ. ಆ ಕಟ್ಟಡದ ಕೊನೆಯ ಕೋಣೆಯೇ ಊರ ಗ್ರಂಥಾಲಯ. ಡಬ್ಬಿ ತುಂಬ ಬೀಸಿಸಿದರೆ ನಮ್ಮ ಮನೆಗೆ ಒಂದು ವಾರ ಬರುತ್ತದೆ. ನನ್ನ ನೆಗೆಣ್ಣಿ ಡಬ್ಬಿಯ ತಳ ಮುಚ್ಚುವಷ್ಟೇ ಜೋಳ ಹಾಕಿಕೊಂಡು ದಿನಾ ಹೋಗುತ್ತಿದ್ದಳು.

"ದಿನಾ ಏನು ಬೀಸಸ್ತಿಯೇ ಯವ್ವಾ?" ಅಂತ ಅತ್ತೆ ಕೇಳಿದರೆ, "ಹಿಟ್ಟು ಹಳೇದಾದ್ರ ಜಿಗಿ ಹೋಗ್ತೈತ್ರಿ ಅತ್ತಿ. ರೊಟ್ಟಿ ಅಂಚು ಒಡೀತಾವ" ಅನ್ನುತ್ತಿದ್ದಳು. ಸುಳ್ಳಲ್ಲ. ರೊಟ್ಟಿ ತಟ್ಟುವ ಯಾರನ್ನಾದರೂ ಕೇಳಿ. ನಿಜದ ಮಾತನ್ನೇ ನೆಪ ಮಾಡಿಕೊಂಡವರನ್ನು ಯಾರೂ ಹಿಡಿಯಲಾರರು. ಮೆತ್ತನೆ ರೊಟ್ಟಿ ತಿನ್ನುತ್ತಾ ಅತ್ತೆ ಸುಮ್ಮನಾದರು.

ಇವಳು ಗಿರಣಿಯಲ್ಲಿ ಡಬ್ಬಿ ಇಟ್ಟು, "ನಂದು ಕಡೀಗೆ ಹಾಕಣ್ಣಾ, ಅವಸರ ಇಲ್ಲ" ಅಂದು ಪಕ್ಕದ ಕೋಣೆ ಹೊಕ್ಕುಬಿಡುತ್ತಿದ್ದಳು. ಗಿರಣಿಯವನು ಬಾಯಿಬಡುಕ. "ಅಕ್ಕಾರ, ನನ್ನ ಕಲ್ಲು ತಿರುಗೋದಕ್ಕಿಂತ ನೀವು ಹಾಳಿ ತಿರುವೋದ ಜಾಸ್ತಿ ಆತು ನೋಡ್ರಿ" ಅಂತ ಕಿಟಕಿಯಿಂದ ಕೂಗುತ್ತಿದ್ದನಂತೆ. ಕೂಗಿದರೂ ಬೇಕೆಂದೇ ಅವಳ ಡಬ್ಬಿಯನ್ನು ಕೊನೆಗೆ ಇಡುತ್ತಿದ್ದ.

ನನಗೆ ಗೊತ್ತಾದದ್ದು ಒಂದು ಮಧ್ಯಾಹ್ನ. ಪಂಚಾಯ್ತಿಗೆ ಮನೆ ಕಂದಾಯ ಕಟ್ಟಲು ಹೋದವಳು ಪೇಪರು ನೋಡೋಣವೆಂದು ಕೋಣೆಯೊಳಗೆ ಇಣುಕಿದೆ. ನೆಗೆಣ್ಣಿ ಫ್ಯಾನಿನ ಕೆಳಗೆ ಸೆರಗು ಬಿಗಿದು ಕೂತು ಬರೆದುಕೊಳ್ಳುತ್ತಿದ್ದಳು. ನನ್ನನ್ನು ಕಂಡು ಎದ್ದು ನಿಂತಳು, ಮುಖ ಬಿಳುಪೇರಿತು.

"ಹಿಟ್ಟು ಆತೇನು?" ಅಂದೆ.

"ಇನ್ನೂ ಇಲ್ಲಕ್ಕಾ."

"ಆಗೋದು ಬ್ಯಾಡ ಬಿಡು" ಅಂದು ವಾಪಸು ಬಂದೆ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ.

ಆ ಕೋಣೆಯ ಬೆಲೆ ನನಗೆ ಗೊತ್ತಿತ್ತು. ಹಂಪಿಯಲ್ಲಿ ಬುಟ್ಟಿ ಹೊತ್ತು ಬಾಳೆಹಣ್ಣು ಮಾರಿ ಮೇಲೆ ಬಂದವಳು ನಾನು. ದೇವರಿಗೆಂದು ಕೊಂಡವರಿಗಿಂತ ಕೋತಿಗೆ ಹೆದರಿ ಕೊಂಡವರೇ ಹೆಚ್ಚು, ಆ ಕೋತಿಗಳಿಗೆ ನಾನು ಇವತ್ತಿಗೂ ಕೈ ಮುಗಿಯುತ್ತೇನೆ. ಆಗ ಹೊಸಪೇಟೆ ಮಂಡಿಯ ದಲಾಲಿ ಹೇಳಿದ್ದೇ ದರ. ಒಂದು ಸಂಜೆ ಊರಿಗೆ ಮರಳುವಾಗ ಮಳೆ ಬಂತೆಂದು ನಿಂತೆ, ನಿಂತದ್ದು ನಮ್ಮೂರ ಇದೇ ಗ್ರಂಥಾಲಯದ ಬಾಗಿಲಲ್ಲಿ. ಒಳಗೆ ಕೂತ ಮುದುಕರೊಬ್ಬರು ಪೇಪರಿನ ಪೇಟೆ ಧಾರಣೆ ಗಟ್ಟಿಯಾಗಿ ಓದುತ್ತಿದ್ದರು. ಮರುದಿನದಿಂದ ಅಕ್ಷರ ಕೂಡಿಸಿ ಕೂಡಿಸಿ ನಾನೇ ಓದತೊಡಗಿದೆ. ಒಂದು ದಿನ ದಲಾಲಿಗೆ, "ಪ್ಯಾಪರ್ನ್ಯಾಗ ಬ್ಯಾರೆ ಐತಲ್ರಿ" ಅಂದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಪ್ಯಾಪರ್ ಓದ್ತೀಯೇನೇ ನೀನು?" ಅಂದ. ಮರುವಾರ ಅದೇ ಬಾಯಿ, "ಬರ್ರಿ, ಕುಂದ್ರಿ" ಅಂತು. ಇವತ್ತು ಅದೇ ಮಂಡಿಯಲ್ಲಿ ನನ್ನದೇ ಅಂಗಡಿ ಇದೆ. ಸಂಡೂರಿನ ಮದುವೆಗಳಿಗೆ, ಹಂಪಿಯ ಹೋಟೆಲುಗಳಿಗೆ ನನ್ನ ಗೊನೆಗಳೇ ಹೋಗುತ್ತವೆ.

ಹೀಗಾಗಿ, ಪಂಚಾಯ್ತಿಗೆ ಸರ್ಕಾರದ ಅನುದಾನ ಕಡಿಮೆಯಾಯಿತು, ಗ್ರಂಥಾಲಯದ ಖರ್ಚು ನಿಲ್ಲಿಸುತ್ತಾರಂತೆ ಅನ್ನುವ ಸುದ್ದಿ ಬಂದಾಗ, ಮಾತಾಡಲು ನಾನೇ ಹೋಗುತ್ತೇನೆ ಅಂದೆ. ಚೌಕಾಸಿಯಲ್ಲಿ ನನ್ನನ್ನು ಗೆದ್ದವರು ಮಂಡಿಯಲ್ಲೇ ಇಲ್ಲ, ಇನ್ನು ಪಂಚಾಯ್ತಿ ಯಾವ ಲೆಕ್ಕ ಅನ್ನುವ ಧೈರ್ಯ. ಹೊರಡುವಾಗ ನೆಗೆಣ್ಣಿ ಚಪ್ಪಲಿ ತಂದು ನನ್ನ ಕಾಲ ಹತ್ತಿರ ಇಟ್ಟಳು. "ಪರೀಕ್ಷೆ ಮುಗಿಯೋತನಕ ಇದ್ರ ಸಾಕಕ್ಕಾ" ಅಂದಳು. ಅವಳು ಕೇಳಿದ್ದು ಅಷ್ಟೇ.

ಪಂಚಾಯ್ತಿ ಅಧ್ಯಕ್ಷ ಕೆಟ್ಟ ಮನುಷ್ಯನಲ್ಲ. ಕುರ್ಚಿ ಕೊಟ್ಟ, ಚಹಾ ತರಿಸಿದ. ಆಮೇಲೆ ಎರಡೂ ಕೈ ಚಾಚಿ ತಕ್ಕಡಿ ಮಾಡಿ ತೋರಿಸಿದ.

"ನೀರಿನ ಮೋಟ್ರು ಸುಟ್ಟೈತಿ ಅಕ್ಕಾರ. ಮೇಲಿಂದ ಬರೋದು ಅರ್ಧಕ್ಕರ್ಧ ನಿಂತೈತಿ. ನೀವ ಹೇಳ್ರಿ, ಕುಡಿಯೋ ನೀರೋ, ಪುಸ್ತಕಾನೋ?"

"ನೀರು" ಅಂದೆ. ಹಾಗೆ ಕೇಳಿದರೆ ಬೇರೆ ಏನು ಅನ್ನಲು ಬರುತ್ತದೆ? ನನ್ನ ಮಾತು ಕೇಳಿ, ನಿಮ್ಮ ಮುಂದೆ ಎರಡು ವಸ್ತು ಇಟ್ಟು ಯಾವುದು ಬೇಕು ಅಂದವನನ್ನು, ಮೂರನೆಯದನ್ನು ಎಲ್ಲಿಟ್ಟೀದಿ ಅಂತ ಕೇಳಬೇಕು. ಊರ ಬಾಗಿಲಿನ ಕಮಾನಿಗೆ ಪಂಚಾಯ್ತಿ ರೊಕ್ಕದಲ್ಲೇ ಹೊಸ ಬಣ್ಣ ಹೊಡೆಯುತ್ತಿದ್ದುದು ನನಗೆ ನೆನಪಾದದ್ದು ಮನೆಗೆ ಬಂದು ಕಾಲು ತೊಳೆಯುವಾಗ.

"ಈಗ ಯಾರ್ರಿ ಅಲ್ಲಿಗೆ ಬರ್ತಾರ? ಎಲ್ಲಾ ಮೊಬೈಲ್ನ್ಯಾಗ ಐತಿ" ಅಂದ ಅಧ್ಯಕ್ಷ.

"ನಿಮ್ಮ ಮೊಬೈಲ್ನ್ಯಾಗ ಕುರ್ಚಿ ಐತೇನ್ರಿ?" ಅಂದೆ.

ಸುತ್ತ ಇದ್ದವರು ನಕ್ಕರು. ಅವನೂ ನಕ್ಕ. ಎದುರಿನವನು ನಕ್ಕರೆ ದರ ಇಳಿಯುತ್ತದೆ ಅನ್ನುವುದು ನನ್ನ ಅನುಭವ. ನಾನು ಹುರುಪಿನಿಂದ ಮುಂದೆ ಸರಿದು ಕೂತೆ. ಪೇಪರಿನ ಬಿಲ್ಲು, ಕರೆಂಟಿನ ಬಿಲ್ಲು ಈ ಕಷ್ಟದ ವರ್ಷ ನಾವು ವ್ಯಾಪಾರಸ್ಥರು ನೋಡಿಕೊಳ್ಳುತ್ತೇವೆ, ನೀವು ದಿನಾ ಗ್ರಂಥಾಲಯದ ಬಾಗಿಲು ತೆಗೆದು ನೋಡಿಕೊಳ್ಳುವ ಹೆಣ್ಣುಮಗಳ ಗೌರವಧನ ಒಂದು ನಿಲ್ಲಿಸಬೇಡಿ ಅಂದೆ. ಅಧ್ಯಕ್ಷ ಗಲ್ಲ ಕೆರೆದುಕೊಂಡ. ಇನ್ನೂ ಹೂಂ ಅನ್ನಲಿಲ್ಲ.

ಇಲ್ಲಿ ನಮ್ಮ ಪೇಟೆಯ ಒಂದು ರೂಢಿ ಹೇಳಬೇಕು. ದರ ಕುದುರಿದ ಮೇಲೆ ಕೊಳ್ಳುವವನು ಸುಮ್ಮನೆ ಎದ್ದು ಹೋಗುವುದಿಲ್ಲ, "ಕೊಸರು?" ಅನ್ನುತ್ತಾನೆ. ತೂಕ ಮುಗಿದ ಮೇಲೆ ನಾವು ಒಂದು ಚಿಪ್ಪು ಹಣ್ಣು ಮುರಿದು ಮೇಲಿಡುತ್ತೇವೆ. ಅದಕ್ಕೆ ಲೆಕ್ಕವಿಲ್ಲ. ನಗುತ್ತಾ ಕೊಡಬೇಕು, ಕೊಟ್ಟು ಮರೆಯಬೇಕು. ಕೊಸರಿಲ್ಲದೆ ವ್ಯಾಪಾರ ಮುಗಿಸಿದರೆ ಗಿರಾಕಿಗೂ ಸಮಾಧಾನ ಇಲ್ಲ, ನಮಗೂ ಇಲ್ಲ. ಕೈಗೆ ಆ ರೂಢಿ ಎಷ್ಟು ಹತ್ತಿದೆಯೆಂದರೆ, ನಮ್ಮ ಕಡೆ ಹೆಣ್ಣು ಕೇಳಲು ಬಂದವರಿಗೂ ಹೋಗುವಾಗ ಒಂದು ಚಿಪ್ಪು ಕೊಟ್ಟು ಕಳಿಸುತ್ತೇವೆ.

ಅಧ್ಯಕ್ಷ ಗಲ್ಲ ಕೆರೆಯುತ್ತಿದ್ದಾಗ ನನ್ನ ಬಾಯಿಂದ ಅದು ತಾನಾಗಿ ಬಂತು. "ನಿಮ್ಮ ಪೈಪು, ಮೋಟ್ರು ಸಾಮಾನು ಇಡಾಕ ಜಾಗ ಇಲ್ಲ ಅಂತಿದ್ರಲ್ಲ. ಕೋಣೆಯ ಒಂದು ಮೂಲಿ ಇಟ್ಕೊಳ್ರಿ, ನಮ್ದೇನೂ ತಕರಾರಿಲ್ಲ."

"ಇದು ಮಾತು ನೋಡ್ರಿ!" ಅಂದು ಅವನು ಮೇಜು ತಟ್ಟಿದ. ವ್ಯಾಪಾರ ಮುಗಿಯಿತು. ನಾನು ಗೆದ್ದೆ ಅಂದುಕೊಂಡು ಬಂದೆ. ಮನೆಯಲ್ಲಿ ನೆಗೆಣ್ಣಿ ನನಗೆ ಸಕ್ಕರೆ ಹೆಚ್ಚು ಹಾಕಿ ಚಹಾ ಮಾಡಿಕೊಟ್ಟಳು.

ಚಂದಾ ಕೇಳಲು ಹೋದಾಗ ಯಾರೂ ಇಲ್ಲ ಅನ್ನಲಿಲ್ಲ. ಕರೆಂಟಿನ ಬಿಲ್ಲನ್ನು ರೈಸ್ ಮಿಲ್ಲಿನ ಸಾವ್ಕಾರ ಹೊತ್ತುಕೊಂಡ. ಗೊಬ್ಬರದ ಅಂಗಡಿಯವನೂ ನಾನೂ ಪೇಪರು ಹಂಚಿಕೊಂಡೆವು. ಆದರೆ ಬಿಲ್ಲು ಕಟ್ಟಿದ ತಿಂಗಳೇ ಸಾವ್ಕಾರ ಗೋಡೆಯ ಮೇಲೆ ತನ್ನ ತಂದೆಯ ಹೆಸರಿನ ಬೋರ್ಡು ಕೇಳಿದ. ಬೋರ್ಡು ಬಂತು. ಆಮೇಲೆ ಸಂಜೆ ವಾಕಿಂಗು ಹೋಗುವಾಗ ದಿನಾ ಒಳಗೆ ಇಣುಕತೊಡಗಿದ.

"ಒಬ್ಬಾಕಿ ಸಲುವಾಗಿ ಫ್ಯಾನು ಯಾಕ್ರಿ?" ಅಂದನಂತೆ ಒಂದು ದಿನ. ಬಾಗಿಲು ತೆಗೆಯುವ ಹೆಣ್ಣುಮಗಳು ಫ್ಯಾನು ಆರಿಸಿದಳು. ಬೇಸಿಗೆ. ನಮ್ಮ ಕಡೆಯ ಬೇಸಿಗೆ ಎಂಥದೆಂದು ಹಂಪಿಯ ಬಂಡೆ ಮುಟ್ಟಿದವರಿಗೆ ಗೊತ್ತು. ನೆಗೆಣ್ಣಿ ಒದ್ದೆ ಟವಲು ತಲೆಗೆ ಹಾಕಿಕೊಂಡು ಕೂತು ಓದಿದಳು. ಮನೆಗೆ ಬಂದು ನನಗೊಬ್ಬಳಿಗೇ ಹೇಳಿದಳು. ನಾನು ಸಾವ್ಕಾರನ ಹತ್ತಿರ ಹೋದೆ.

"ನಾ ಏನು ಎದ್ದು ಹೋಗು ಅಂದೆನೇನ್ರಿ? ನಮ್ಮ ಕರೆಂಟು, ಕೇಳಬಾರದಾ?" ಅಂದ.

ಅಲ್ಲಿಗೆ ನನಗೆ ಒಂದು ವಿಷಯ ತಿಳಿಯಿತು, ಆದರೆ ಆಗ ತಿಳಿದು ಏನು ಬಂತು. ತೆರಿಗೆ ಹಣದ ಕುರ್ಚಿಯಲ್ಲಿ ಕೂತವಳನ್ನು ಯಾಕೆ ಕೂತಿ ಅಂತ ಕೇಳುವ ಹಕ್ಕು ಯಾರಿಗೂ ಇಲ್ಲ. ಎಲ್ಲರೂ ಕೊಟ್ಟಿದ್ದಾರೆ, ಅದಕ್ಕೇ ಯಾರೂ ಕೇಳುವಂತಿಲ್ಲ. ಚಂದಾ ಹಣದ ಕುರ್ಚಿಗೆ ಮಾತ್ರ ಒಬ್ಬ ಯಜಮಾನ ಇರುತ್ತಾನೆ. ಅವನು ಒಳ್ಳೆಯವನೇ ಇರಬಹುದು, ಆದರೂ ಅವನ ಕಣ್ಣು ಫ್ಯಾನಿನ ಮೇಲೆ ಇದ್ದೇ ಇರುತ್ತದೆ. ಮನೆಯಲ್ಲಿ ಅತ್ತೆಯ "ಹೆಂಗೂ ಕುಂತೀದಿಯಲ್ಲ" ತಪ್ಪಿಸಿಕೊಂಡು ಬಂದವಳಿಗೆ ಇಲ್ಲಿ ಸಾವ್ಕಾರನ "ಯಾಕ ಕುಂತೀದಿ" ಸಿಕ್ಕಿತು.

ಇತ್ತ ಕೋಣೆಯ ಮೂಲೆಗೆ ಬಂದ ಪೈಪುಗಳು ಮೂಲೆಯಲ್ಲಿ ನಿಲ್ಲಲಿಲ್ಲ. ಮೊದಲು ಪೈಪು, ಆಮೇಲೆ ಸುಟ್ಟ ಮೋಟರು, ಆಮೇಲೆ ಬೀದಿ ದೀಪದ ಕಂಬದ ತಗಡುಗಳು, ಬ್ಲೀಚಿಂಗ್ ಪೌಡರಿನ ಚೀಲಗಳು. ಬೆಂಚು ಹೊರಗೆ ಹೋಯಿತು. ಪುಸ್ತಕದ ಕಪಾಟಿಗೆ ಪೈಪು ಒರಗಿಸಿದ್ದರಿಂದ ಅದರ ಬಾಗಿಲು ತೆಗೆಯಲು ಬರದಾಯಿತು. ಪೌಡರಿನ ವಾಸನೆಗೆ ನೆಗೆಣ್ಣಿಯ ಕಣ್ಣು ಉರಿಯುತ್ತಿತ್ತು. ಆದರೂ ಕಿಟಕಿಯ ಹತ್ತಿರ ಒಂದು ಕುರ್ಚಿಯಷ್ಟು ಜಾಗ ಉಳಿದಿತ್ತು. "ಇಷ್ಟಿದ್ರ ಸಾಕಕ್ಕಾ" ಅಂದಳು. ಚೌಕಾಸಿ ಗೊತ್ತಿಲ್ಲದವರು ಹೀಗೇ, ಎದುರಿನವನು ಇಳಿಸುವ ಮೊದಲೇ ತಾವೇ ಇಳಿಯುತ್ತಾರೆ. ನಾನು ಬೈದೆ. ಬೈದು ಮತ್ತೆ ಪಂಚಾಯ್ತಿಗೆ ಹೋದೆ.

ಈ ಸಲ ಅಧ್ಯಕ್ಷ ಚಹಾ ತರಿಸಲಿಲ್ಲ. ಮುಂದಿನ ವರ್ಷದ ಆಯವ್ಯಯ ಬರೆಯುತ್ತಾ ಕೂತಿದ್ದ.

"ಅಕ್ಕಾರ, ನೀವ ನೋಡ್ರಿ. ಪ್ಯಾಪರ್ ದಾನಿಗಳು ಕೊಡ್ತಾರ. ಕರೆಂಟು ದಾನಿಗಳು ಕಟ್ತಾರ. ಕೋಣೆ ನಮ್ಮ ಸ್ಟೋರ್ ರೂಮು ಆಗೈತಿ, ನೀವ ಕೊಟ್ಟಿದ್ದು. ಇನ್ನ ಗ್ರಂಥಾಲಯ ಅಂತ ಖರ್ಚು ಬರೀಲಿ ಅಂದ್ರ ಯಾವುದಕ್ಕ ಬರೀಲಿ?"

"ಬಾಗಿಲು ತೆಗಿಯಾಕಿಗೆ ಬರೀರಿ."

"ಸ್ಟೋರ್ ರೂಮಿನ ಕೀಲಿ ವಾಟರ್‌ಮ್ಯಾನ್ ಹತ್ರ ಇರ್ತೈತಲ್ರಿ."

"ಹಂಗಾದ್ರ ನಮ್ಮ ಕಂದಾಯದ ರಸೀದಿನ್ಯಾಗ ಗ್ರಂಥಾಲಯ ಕರ ಅಂತ ಬರದು ರೊಕ್ಕ ತಗಂತೀರಲ್ಲ, ಅದು?"

"ಅದು ಮೊದ್ಲಿಂದ ಐತ್ರಿ" ಅಂದ. ಸಿಟ್ಟಿನಿಂದ ಅನ್ನಲಿಲ್ಲ. ಊರ ಮುಂದೆ ಗುಡ್ಡ ಯಾಕಿದೆ ಅಂತ ಕೇಳಿದರೆ ಹೇಳುವ ಹಾಗೆ ಹೇಳಿದ.

ಎದ್ದು ಬಂದೆ. ಕೊಸರಿನ ಗುಣವೇ ಇದು. ಒಂದು ಸಲ ಕೊಟ್ಟರೆ ಪ್ರೀತಿ, ಎರಡನೇ ಸಲ ರೂಢಿ, ಮೂರನೇ ಸಲ ಅದು ಗಿರಾಕಿಯ ಹಕ್ಕು. ಇದನ್ನು ನಾನು ಮಂಡಿಗೆ ಬರುವ ಹೊಸಬರಿಗೆಲ್ಲ ಹೇಳಿಕೊಡುತ್ತೇನೆ. ಆದರೆ ಮಂಡಿಯಲ್ಲಿ ನಾವು ಕೊಡುವುದು ನಮ್ಮದೇ ಹಣ್ಣು. ಊರಿನ ಆಸ್ತಿಯಲ್ಲಿ ಕೊಸರು ಮುರಿದು ಕೊಡುವ ಬುದ್ಧಿ ಪೇಟೆಯವರನ್ನು ಬಿಟ್ಟು ಇನ್ಯಾರಿಗೆ ಬಂದೀತು? ನಾವು ವ್ಯಾಪಾರಸ್ಥರೆಲ್ಲ ಸೇರಿ ಗ್ರಂಥಾಲಯ ಉಳಿಸುತ್ತೇವೆ ಅಂತ ಹೊರಟು, ಅದನ್ನು ಲೆಕ್ಕದಿಂದ ತೆಗೆಯಲು ದಾರಿ ಮಾಡಿಕೊಟ್ಟಿದ್ದೆವು. ಗೊಬ್ಬರದ ಅಂಗಡಿಯವನಿಗೆ ಹೇಳಿದರೆ, "ತೆರಿಗಿನೂ ನಾವ ಕೊಡಬೇಕು, ಚಂದಾನೂ ನಾವ ಕೊಡಬೇಕು, ಕಡೀಗೆ ಬೈಗುಳಾನೂ ನಾವ ತಿನ್ನಬೇಕಾ? ಬಿಡ್ರಿ ಅತ್ಲಾಗ" ಅಂದು ಅವನೂ ಬಿಟ್ಟ. ಪೇಪರು ನಿಂತಿತು. ಕೋಣೆಗೆ ಬೀಗ ಬಿತ್ತು. ಸಾವ್ಕಾರನ ತಂದೆಯ ಹೆಸರಿನ ಬೋರ್ಡು ಮಾತ್ರ ಗೋಡೆಯ ಮೇಲಿದೆ.

ಪರೀಕ್ಷೆಗೆ ಆಗ ಇನ್ನೂ ಟೈಮಿತ್ತು. ನಾನು ಸೋಲು ಒಪ್ಪುವ ಜಾತಿಯಲ್ಲ. ಕಂಪ್ಲಿಗೆ ಬಸ್ಸಿದೆ, ಇವಳು ಅಲ್ಲಿನ ಗ್ರಂಥಾಲಯಕ್ಕೆ ಹೋಗಿ ಓದಲಿ ಅಂದೆ. ಅತ್ತೆ ಹುಬ್ಬೇರಿಸಿದರು. "ಓದಾಕ ಬಸ್ ಹತ್ತಿ ಹೋಗ್ತಾಳಂತ! ಕೂಸುಗಳನ್ನ ನಾ ಹೊತ್ತಗೊಂಡು ಕುಂದ್ರಲೇನು?" ಅವರು ಹೇಳಿದ್ದೂ ಸರಿಯೇ, ಆ ಮಂಡಿನೋವಿನವರಿಗೆ ಎರಡು ಮಕ್ಕಳ ಹಿಂದೆ ಓಡಲು ಬರುತ್ತದೆಯೇ. ಹಿಟ್ಟಿನ ಡಬ್ಬಿಯ ನೆಪ ಗಿರಣಿಯ ತನಕ ನಡೆಯುತ್ತದೆ, ಕಂಪ್ಲಿಯ ತನಕ ನಡೆಯುವುದಿಲ್ಲ. ಒಂದು ಊರಿಗೆ ಗ್ರಂಥಾಲಯ ಹತ್ತಿರದಲ್ಲೇ ಬೇಕು ಅನ್ನುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ನನಗೆ ಗೊತ್ತಿಲ್ಲ.

ಬೇಕಾದ ಪುಸ್ತಕವನ್ನೆಲ್ಲ ಹೊಸಪೇಟೆಯಿಂದ ಕೊಂಡು ತಂದೆ. ಪೈಪಿನ ಹಿಂದೆ ಕಪಾಟಿನಲ್ಲಿ ಸಿಕ್ಕಿಬಿದ್ದ ಪುಸ್ತಕಗಳ ಹೊಸ ಪ್ರತಿಗಳೇ ಅವು. ನೆಗೆಣ್ಣಿ ಸಂತೋಷಪಟ್ಟಳು, ನಾಲ್ಕು ದಿನ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಓದಿದಳು. ಬೆಳ್ಳುಳ್ಳಿ, ಹಾಲು, ಕೂಸು. ಮತ್ತೆ ನಾನೇ ಒಂದು ಉಪಾಯ ಮಾಡಿದೆ. ಅಂಗಡಿಯಲ್ಲಿ ಕೆಲಸಕ್ಕೆ ಜನ ಸಾಲದು ಅಂತ ಅತ್ತೆಯನ್ನು ಒಪ್ಪಿಸಿ, ಮಕ್ಕಳನ್ನು ಅಂಗನವಾಡಿಗೆ ಬಿಡಿಸಿ, ಅವಳನ್ನು ಜೊತೆಗೆ ಮಂಡಿಗೆ ಕರೆದುಕೊಂಡು ಹೋಗತೊಡಗಿದೆ. ಹಣ್ಣು ಮಾಗಿಸುವ ಕೋಣೆಯ ಪಕ್ಕದಲ್ಲಿ, ಗೋಣಿತಾಟು ಪರದೆಯ ಹಾಗೆ ಇಳಿಬಿಟ್ಟು, ಒಂದು ಕುರ್ಚಿ, ಒಂದು ಮೇಜು ಹಾಕಿಸಿದೆ. ಫ್ಯಾನು ಕೂಡ. "ಇದು ನಿಂದೇ ಲೈಬ್ರರಿ, ಯಾವನೂ ಬೀಗ ಹಾಕಂಗಿಲ್ಲ" ಅಂದೆ.

ಎರಡು ವಾರ ಚೆನ್ನಾಗಿ ನಡೆಯಿತು. ಆಮೇಲೆ ಹಬ್ಬದ ಮುಂಚಿನ ದಿನ. ಮೂರು ಲಾರಿ ಒಟ್ಟಿಗೆ ಬಂದಿದ್ದವು. ಹಮಾಲರು ಕೂಗುತ್ತಿದ್ದರು, ಗಿರಾಕಿಗಳು ಗೊನೆ ಎಳೆದಾಡುತ್ತಿದ್ದರು, ಗಲ್ಲಾದ ಹತ್ತಿರ ಯಾರೂ ಇರಲಿಲ್ಲ. ನಾನು ಗೋಣಿತಾಟು ಸರಿಸಿ ತಲೆ ಹಾಕಿದೆ.

"ಹೆಂಗೂ ಕುಂತೀದಿಯಲ್ಲ, ಒಂದೀಟು ಗಲ್ಲಾ ನೋಡ್ಕೊ" ಅಂದೆ.

ಅವಳು ಪುಸ್ತಕ ಮುಚ್ಚಿದಳು. ಹಾಳೆ ಮಡಚಿ ಗುರುತು ಇಡಲಿಲ್ಲ, ಸುಮ್ಮನೆ ಮುಚ್ಚಿದಳು. ಎದ್ದು ಬಂದು ಗಲ್ಲಾದಲ್ಲಿ ಕೂತಳು. ಲೆಕ್ಕದಲ್ಲಿ ಚುರುಕು, ಒಬ್ಬನಿಗೂ ಚಿಲ್ಲರೆ ತಪ್ಪು ಕೊಡಲಿಲ್ಲ. ಸಂಜೆಗೆ ಹಮಾಲರು, "ಸಣ್ಣಕ್ಕಾರು ಮಸ್ತ್ ಅದಾರ್ರಿ, ಇನ್ನ ದಿನಾ ಇವರ ಕುಂದ್ರಲಿ" ಅಂದರು. ಅವಳು ನಕ್ಕಳು. ಮರುದಿನ ನಾನು ಕರೆಯದಿದ್ದರೂ ಮೊದಲು ಗಲ್ಲಾಕ್ಕೇ ಬಂದಳು. ಒಳಗೆ ಹೋಗು ಅಂದೆ. "ಇರ್ಲಿ ಬಿಡಕ್ಕಾ, ಗಿರಾಕಿ ಅದಾರ" ಅಂದಳು. ಗಿರಾಕಿ ಇಲ್ಲದ ದಿನ ನಮ್ಮ ಮಂಡಿಯಲ್ಲಿ ಯಾವತ್ತೂ ಇಲ್ಲ.

ಪರೀಕ್ಷೆಗೆ ಬಳ್ಳಾರಿಗೆ ನಾನೇ ಕರೆದುಕೊಂಡು ಹೋದೆ. ಹೊರಗೆ ಬೇವಿನ ಗಿಡದ ಕೆಳಗೆ ಕಾದು ಕೂತೆ. ಹೊರಬಂದವಳು ಅಳಲಿಲ್ಲ. "ಎಲ್ಲಾ ಓದಿದ್ದ ಬಂದಿತ್ತಕ್ಕಾ, ಎಲ್ಲಾ ಅರ್ಧರ್ಧ ನೆನಪಿತ್ತು" ಅಂದಳು. ಬಸ್‌ಸ್ಟ್ಯಾಂಡಿನಲ್ಲಿ ನಾನು ಮಿರ್ಚಿ ಕೊಡಿಸಿದೆ, ತಿಂದಳು. ಫಲಿತಾಂಶದಲ್ಲಿ ಅವಳ ನಂಬರು ಇರಲಿಲ್ಲ. ಆ ಮಾತು ಮನೆಯಲ್ಲಿ ಮತ್ತೆ ಯಾರೂ ಎತ್ತಲಿಲ್ಲ.

ಕಷ್ಟಕಾಲದಲ್ಲಿ ತೆರಿಗೆ ಹಣ ಗ್ರಂಥಾಲಯಕ್ಕೆ ಹಾಕಬೇಕೋ ಬೇಡವೋ ಅಂತ ಈಗಲೂ ಮಂಡಿಯಲ್ಲಿ ಚಹಾ ಕುಡಿಯುತ್ತಾ ವಾದ ಮಾಡುವವರು ಇದ್ದಾರೆ. ಹಾಕಬೇಕು ಅನ್ನುತ್ತೇನೆ. ದೊಡ್ಡ ಮನಸ್ಸಿನಿಂದಲ್ಲ, ನಾನು ದೊಡ್ಡ ಮನಸ್ಸಿನವಳಲ್ಲ. ಹಾಕಿದ ಹಣಕ್ಕೆ ಒಂದು ಕುರ್ಚಿ ಸಿಗುತ್ತದೆ, ಅದರಲ್ಲಿ ಕೂತವಳನ್ನು ಏಳು ಅನ್ನುವವರು ಯಾರೂ ಇರುವುದಿಲ್ಲ. ಅಂಥ ಕುರ್ಚಿಯನ್ನು ಯಾವ ಸಾವ್ಕಾರನೂ ಕೊಡಲಾರ, ಬಂಧುಗಳಂತೂ ಕೊಡಲಾರರು. ನಿಮ್ಮೂರಲ್ಲಿ ಕಡಿತದ ಮಾತು ಬಂದರೆ ಚಂದಾ ಎತ್ತಲು ಹೋಗಬೇಡಿ, ಕಂದಾಯದ ರಸೀದಿ ಹಿಡಿದು ಪಂಚಾಯ್ತಿ ಬಾಗಿಲಲ್ಲಿ ಕೂತುಬಿಡಿ. ಹೀಗೆ ಹೇಳುತ್ತೇನೆ. ಅವರು ಹೌದ್ರಿ ಹೌದ್ರಿ ಅಂದು, ಹಣ್ಣು ತೂಗಿಸಿ, ಕೊಸರು ಕೇಳಿ ಪಡೆದು ಹೋಗುತ್ತಾರೆ.

ಗಿರಣಿಗೆ ಈಗ ಡಬ್ಬಿ ತುಂಬ ಜೋಳ ಹೋಗುತ್ತದೆ, ವಾರಕ್ಕೊಂದೇ ಸಲ. ಮೊನ್ನೆ ಊಟಕ್ಕೆ ಕೂತಾಗ ಅತ್ತೆ ರೊಟ್ಟಿ ಎತ್ತಿ ಬೆಳಕಿಗೆ ಹಿಡಿದರು.

"ಇತ್ತಿತ್ಲಾಗ ಯಾಕೋ ಅಂಚು ಒಡಿಯಾಕತ್ಯಾವಲ್ಲೇ ಯವ್ವಾ. ಮೊದಲಿನಂಗ ದಿನಾ ಬೀಸಿಸಿಕೊಂಡು ಬರಬಾರದಾ?"

ನೆಗೆಣ್ಣಿ ಹಂಚಿನ ಮೇಲಿನ ರೊಟ್ಟಿ ಮಗುಚಿ ಹಾಕಿದಳು.

"ಟೈಮ್ ಇಲ್ರಿ ಅತ್ತಿ" ಅಂದಳು.